ಟಾರ್ಪಾಲಿನ ಹಿಂದಿನ ಕೈಗಳು

"ಮೊನ್ನೆ ನಾನು ಸರಿ ಮಾಡಿ ಕಳಿಸಿದ ಕಾರನ್ನ ಮತ್ತೆ ಬಿಚ್ಚೋಕೆ ನಿಮಗೆ ಹೇಳಿದ್ಯಾರು?"

ಟಾರ್ಪಾಲನ್ನು ಸರ್ರನೆ ಸರಿಸಿಕೊಂಡು ಒಳಗೆ ನುಗ್ಗಿದವನ ದನಿಗೆ ಶೆಡ್ಡಿನ ತಗಡು ಕೂಡ ಒಮ್ಮೆ ಅದುರಿದಂತಾಯಿತು.

ಒಳಗೆ ಯಾರೂ ಕಾಣಲಿಲ್ಲ. ನಾಲ್ಕು ಚಕ್ರಗಳ ಅಡಿಗೂ ತೆಂಗಿನ ದಿಮ್ಮಿ ಕೊಟ್ಟು ಎತ್ತರಿಸಿ ನಿಲ್ಲಿಸಿದ್ದ ಬಿಳಿ ಅಂಬಾಸಿಡರ್ ಕಾರೊಂದೇ ಇತ್ತು. ಅದರ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಹಿಮ್ಮಡಿಗೆ ಗ್ರೀಸು ಮೆತ್ತಿತ್ತು. ಪಾದದ ಮೇಲೆ, ಯಾರದೋ ಮದುವೆಗೆ ಹಾಕಿಸಿಕೊಂಡ ಮೆಹೆಂದಿಯ ಬಳ್ಳಿ ಅರ್ಧ ಅಳಿಸಿತ್ತು...

ಬಂದವನು ಒಂದು ಹೆಜ್ಜೆ ಹಿಂದೆ ಸರಿದ.

"ಕಾರೇ ಹೇಳ್ತು," ಎಂದಿತು ಕೆಳಗಿನ ದನಿ. ಹೆಣ್ಣು ದನಿ. "ಆ ದೊಡ್ಡ ಸ್ಪ್ಯಾನರ್ ನಿಮ್ಮ ಕಾಲ ಹತ್ರ ಇದೆ. ಮೊದಲು ಅದನ್ನ ಕೊಡಿ. ಆಮೇಲೆ ಬೈಯಿರಿ."

ಏನು ಮಾಡಬೇಕೆಂದು ತೋಚದೆ ಅವನು ಬಗ್ಗಿ ಸ್ಪ್ಯಾನರ್ ಕೊಟ್ಟ. ಮಸಿ ಹಿಡಿದ, ತೆಳ್ಳನೆಯ ಬೆರಳುಗಳ ಕೈಯೊಂದು ಅದನ್ನು ತೆಗೆದುಕೊಂಡು ಒಳಗೆ ಮಾಯವಾಯಿತು.

ಅವನ ಹೆಸರು ಇಮ್ದಾದ್. ತುರುವೇಕೆರೆಯವನು. ತಿಪಟೂರಿನ ಟೈರ್ ವ್ಯಾಪಾರಿ ಬಸವರಾಜಪ್ಪನವರು ಎರಡು ಸಾವಿರದ ಮೂರನೆಯ ಇಸವಿಯ ಯುಗಾದಿಗೆ ಈ ಶೆಡ್ಡಿದ್ದ ಬಿ.ಎಚ್. ರಸ್ತೆಯಲ್ಲೇ ಕಂಪ್ಯೂಟರ್ ಅಲೈನ್ಮೆಂಟ್ ಮೆಷಿನ್ನು ತಂದು ನಿಲ್ಲಿಸಿದ್ದರು. ಹಾಸನದಲ್ಲಿ ಆರು ತಿಂಗಳು ಕೆಲಸ ಕಲಿತು ಬಂದ ಇಮ್ದಾದ್ ಅದನ್ನು ನಡೆಸುತ್ತಿದ್ದ. ಚಕ್ರಗಳು ನೆಟ್ಟಗೆ ನಿಲ್ಲದ ಗಾಡಿಯ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ಹೊಸ ಟೈರು ಕೂಡ ಒಂದೇ ಮಗ್ಗುಲಲ್ಲಿ ಸವೆದುಹೋಗುತ್ತದೆ. ಆ ಓರೆಯನ್ನು ಕೂದಲೆಳೆಯಷ್ಟು ನಿಖರವಾಗಿ ತೋರಿಸುವ ಮೆಷಿನ್ನು ಅವನದು. ಅಂಥ ಮೆಷಿನ್ನು ಸರಿ ಎಂದ ಕಾರನ್ನು ಈ ತಗಡಿನ ಶೆಡ್ಡಿನಲ್ಲಿ ಬಿಚ್ಚುವುದೆಂದರೆ...

ಕಾರಿನ ಕೆಳಗಿನಿಂದ ಜಾರಿ ಹೊರಬಂದವಳಿಗೆ ಇಪ್ಪತ್ತನಾಲ್ಕು ವರ್ಷವಿರಬಹುದು. ಚೂಡಿದಾರದ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ. ತಲೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ. ಅವಳು ಎದ್ದು ಬಟ್ಟೆ ಸರಿಮಾಡಿಕೊಳ್ಳುವಷ್ಟು ಹೊತ್ತು ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

'ಇಷ್ಟು ಕೋಪದಲ್ಲೂ ಮರ್ಯಾದೆ ಮರೆತಿಲ್ಲವಲ್ಲ,' ಎಂದುಕೊಂಡಳು ಆಲಿಯಾ.

ತಿರುಗಿದವನ ಕಣ್ಣಿಗೆ ಕಾರಿನ ಒಳಗೆ ತುಂಬಿದ್ದ ಕೊಬ್ಬರಿ ಚೀಲಗಳು ಬಿದ್ದವು. ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ, ಕೊನೆಗೆ ಡ್ರೈವರ್ ಸೀಟಿನಲ್ಲೂ ಒಂದು. ಕಾರಿನ ಮಗ್ಗುಲಿಗೆ ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಒಂದು ನೈಲಾನ್ ದಾರ ಬಿಗಿಯಾಗಿ ಎಳೆದಿತ್ತು. ಅವನಿಗೆ ನಗು ಬಂತು. ಮೂಟೆ ಇಳಿಸದೆ ಅಲೈನ್ಮೆಂಟ್ ಮಾಡುವವರನ್ನು ಇವತ್ತೇ ನೋಡಿದ್ದು ಎಂದ.

ಅವಳು ನಗಲಿಲ್ಲ.

"ಈ ಕಾರಿನ ಮಾಲೀಕರು ಹುಚ್ಚರಂಗಯ್ಯನವರು ಖಾಲಿ ಕಾರಲ್ಲಿ ಯಾವತ್ತು ಓಡಾಡಿದ್ದಾರೆ? ಕಂದಿಕೆರೆಯಿಂದ ಕೊಬ್ಬರಿ ತುಂಬ್ಕೊಂಡೇ ಬರೋದು. ಹಿಂದೆ ಕುಸಿದು ಮುಂದೆ ಮೂತಿ ಎತ್ತಿರುತ್ತೆ. ಖಾಲಿ ಇದ್ದಾಗ ನೆಟ್ಟಗಿದ್ದ ಚಕ್ರ ಆಗ್ಲೂ ನೆಟ್ಟಗಿರುತ್ತಾ? ನಿಮ್ಮ ಮೆಷಿನ್ನು ಸುಳ್ಳು ಹೇಳಿಲ್ಲ. ನೀವು ಅದನ್ನ ಕೇಳಿದ್ದು ಬೇರೆ ಯಾವುದೋ ಕಾರಿನ ಬಗ್ಗೆ."

ಅವನ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಗೋಡೆ ಸವರಿಕೊಂಡು ಒಳಗೆ ಬಂದವರು ಅವಳ ಅಬ್ಬಾ, ನೂರ್ ಅಹಮದ್. ಮೂವತ್ತು ವರ್ಷದಿಂದ ಆ ಶೆಡ್ಡು ಅವರದು. ಕೂಗಾಟ ಕೇಳಿ ಗಾಬರಿಯಾಗಿದ್ದರು. ನಟ್ಟು ಹಿಡಿದುಕೋ ಎಂದು ಮಗಳಿಗೆ ತಾನೇ ಹೇಳಿದ್ದು, ಮಿಕ್ಕ ಕೆಲಸವೆಲ್ಲ ತನ್ನದೇ ಎಂದು ಅವಸರವಸರವಾಗಿ ಸಮಜಾಯಿಷಿ ಕೊಟ್ಟರು. ಕೊಡುತ್ತಲೇ ಕೂರಲು ಸ್ಟೂಲಿಗಾಗಿ ಗಾಳಿಯಲ್ಲಿ ಕೈಯಾಡಿಸಿದರು.

ಇಮ್ದಾದ್ ನುಗ್ಗಿದ ರಭಸಕ್ಕೆ ಸ್ಟೂಲು ಆಚೆ ಸರಿದುಹೋಗಿತ್ತು.

ಅವನು ನೋಡಿದ. ಸಕ್ಕರೆ ಕಾಯಿಲೆ ತಿಂದ ಆ ಕಣ್ಣುಗಳನ್ನೂ, ಹುಡುಕುತ್ತಿದ್ದ ಆ ಕೈಯನ್ನೂ ನೋಡಿದ. ಮಾತಾಡದೆ ಕಾಲಿನಿಂದ ಸ್ಟೂಲನ್ನು ಮೆಲ್ಲಗೆ ದೂಡಿ, ಅದು ಆ ಕೈಗೆ ತಾನೇ ಸಿಕ್ಕಂತೆ ಮಾಡಿದ.

ಆಲಿಯಾ ಅದನ್ನು ಕಂಡಳು. ಅವನನ್ನು ಬೈಯುವ ಮನಸ್ಸು ಉಳಿಯಲಿಲ್ಲ.

ಭಯವೂ ಉಳಿಯಲಿಲ್ಲ. ಮುಚ್ಚಿಡಲು ಇನ್ನೇನಿದೆ? ಅವನನ್ನು ಟಾರ್ಪಾಲಿನವರೆಗೆ ಕರೆದೊಯ್ದು ನೇರವಾಗಿ ಹೇಳಿಬಿಟ್ಟಳು. ನಾಲ್ಕು ವರ್ಷದಿಂದ ಅಬ್ಬಾ ಹೊರಗೆ ಕೂತು ಟೈರನ್ನು ಅಂಗೈಯಲ್ಲಿ ಸವರಿ ದೋಷ ಹೇಳುತ್ತಾರೆ. ಗಾಡಿಯವರನ್ನು ಎದುರಿನ ಚಿಕ್ಕಣ್ಣನ ಹೋಟೆಲಿಗೆ ಟೀ ಕುಡಿಯಲು ಕಳಿಸುತ್ತಾರೆ. ಟಾರ್ಪಾಲು ಇಳಿಯುತ್ತದೆ. ಒಳಗೆ ಕೆಲಸ ಮಾಡುವವಳು ಅವಳು. ಹೆಣ್ಣು ಹುಡುಗಿ ಬಿಗಿದ ಬೋಲ್ಟನ್ನು ಯಾರೂ ನಂಬುವುದಿಲ್ಲ.

"ಇದು ಹೊರಗೆ ಗೊತ್ತಾದ್ರೆ ಶೆಡ್ ಮುಚ್ಚುತ್ತೆ," ಎಂದಳು. "ಹೇಳ್ತೀರಾ?"

ಅವನು ಟಾರ್ಪಾಲನ್ನು ಸರಿಸಿದ.

"ನಾನಿಲ್ಲಿ ನೋಡಿದ್ದು ಕಾರೊಂದನ್ನೇ," ಎಂದು ಹೊರಟುಹೋದ.

*

ಅವತ್ತು ಸಂಜೆ ಇಮ್ದಾದ್ ಬಸವರಾಜಪ್ಪನವರ ಜೀಪಿಗೆ ಹನ್ನೆರಡು ಮೂಟೆ ತೆಂಗಿನಕಾಯಿ ಹೇರಿ ಮೆಷಿನ್ನಿನ ಮೇಲೆ ಹತ್ತಿಸಿದ. ಬೆಳಿಗ್ಗೆ ಖಾಲಿ ಇದ್ದಾಗ ಸರಿಯಾಗಿದ್ದ ಅಂಕಿಗಳು ಪರದೆಯ ಮೇಲೆ ಕೆಂಪಾಗಿ ಜಾರಿದವು. ಮೂಟೆ ಇಳಿಸಿದ. ಅಂಕಿಗಳು ಹಸಿರಿಗೆ ಬಂದವು. ಮತ್ತೆ ಹೇರಿದ.

ಮೂರು ಸಲ ಹೇರಿ ಇಳಿಸಿ ಬೆನ್ನು ನೋಯಿಸಿಕೊಂಡ ಮೇಲೆ ಸುಮ್ಮನೆ ಕುಳಿತ.

ಮಾರನೆಯ ವಾರ ಅವನು ಶೆಡ್ಡಿನ ಮುಂದೆ ನಿಂತು ಕೆಮ್ಮಿದ. ಒಳಗೆ ಬರಬಹುದೇ ಎಂದು ಕೇಳಿದ. ಅವಳು ಹೇಳಿದ್ದೇ ಸರಿ ಎಂದು ಅವಳ ಅಬ್ಬಾ ಎದುರಿಗೇ ಒಪ್ಪಿಕೊಂಡ. ಅಷ್ಟು ಸುಲಭವಾಗಿ ಸೋಲೊಪ್ಪುವ ಗಂಡಸನ್ನು ಆಲಿಯಾ ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಬರತೊಡಗಿದ. ಮನೆಯ ಮಾತು ಇಬ್ಬರಿಗೂ ಉರ್ದು. ಆದರೆ ಶೆಡ್ಡಿನಲ್ಲಿ ಕನ್ನಡವೇ ಅಭ್ಯಾಸವಾಗಿದ್ದರಿಂದ ಅವರು ಕನ್ನಡದಲ್ಲೇ ಜಗಳವಾಡಿದರು, ಕನ್ನಡದಲ್ಲೇ ಕಲಿತರು. ದಾರದ ಒಂದು ತುದಿಯನ್ನು ಹಿಂದಿನ ಚಕ್ರಕ್ಕೆ ಒತ್ತಿ, ಇನ್ನೊಂದನ್ನು ಮುಂದಕ್ಕೆ ಎಳೆದು, ಎಲ್ಲಿ ಎಷ್ಟು ಸಂದು ಬಿತ್ತೆಂದು ನೋಡುವುದನ್ನು ಅವಳು ತೋರಿಸಿದಳು. ಕಂಪ್ಯೂಟರಿನ ಹಾಳೆ ಓದುವುದನ್ನು ಅವನು ಕಲಿಸಿದ.

ಅವಳಿಗೆ ಪ್ರತಿ ಗಾಡಿಯ ದಾರಿಯೂ ಗೊತ್ತಿತ್ತು. ಕೆಂಕೆರೆ ಕಡೆಯ ರಸ್ತೆಯಲ್ಲಿ ಟಾರು ಒಂದೇ ಗಾಡಿಯಷ್ಟು ಅಗಲ. ಎದುರಿಗೆ ಬಸ್ಸು ಬಂದಾಗಲೆಲ್ಲ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಬೇಕು. ಅಂಥ ಗಾಡಿಯ ಎಡ ಟೈರನ್ನು ಅವಳು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರುವಳು. ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆಕ್ಕಿನ ನಾಲಿಗೆಯಂತೆ ಒರಟು.

ಅವನಿಗೂ ಅಂಗೈಯಿಂದ ಸವರಿ ನೋಡಲು ಹೇಳಿದಳು. ಎರಡು ಕೈಗಳ ನಡುವೆ ಒಂದು ಗೇಣು ರಬ್ಬರು ಮಾತ್ರ ಇತ್ತು...

ಅವನು ಒಂದು ದಿನ ಲಾರಿ ಟೈರಿನ ಹಳೆಯ ರಬ್ಬರ್ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ತೊಳೆದು, ಒಣಗಿಸಿ ಶೆಡ್ಡಿನ ಮೂಲೆಯಲ್ಲಿಟ್ಟು ಹೋದ. ಕಲ್ಲುಹಾಸಿನ ಮೇಲೆ ಅವಳು ಬೆನ್ನು ಕೊಟ್ಟು ಮಲಗುವ ಜಾಗಕ್ಕೆ ಅಳತೆ ಸರಿಯಾಗಿತ್ತು. ಅದು ಏತಕ್ಕೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳ ಅಮ್ಮಿ ದಿಲ್ಶಾದ್ ಬೇಗಂ ಮಾತ್ರ ಅದನ್ನು ನೋಡಿ, ಮಗಳ ಮುಖ ನೋಡಿ, ಅಂದಿನಿಂದ ಟೀ ತರುವಾಗ ಒಂದು ಲೋಟ ಹೆಚ್ಚಿಗೆ ತರತೊಡಗಿದಳು.

*

ದೀಪಾವಳಿ ಕಳೆದ ಮೇಲೆ ಅರಸೀಕೆರೆಯಿಂದ ಸಂಬಂಧ ಬಂತು. ಹುಡುಗ ಜುಬೇರ್, ಬಟ್ಟೆ ಅಂಗಡಿಯ ಮನೆತನ. ಹುಡುಗಿ ಮನೆಗೆಲಸದಲ್ಲಿ ಚುರುಕು ಎಂದು ದಿಲ್ಶಾದ್ ಬೇಗಂ ಹೇಳಿದಳು. ಶೆಡ್ಡಿನ ಮಾತು ಎತ್ತಲಿಲ್ಲ.

ಆಲಿಯಾ ಇಮ್ದಾದ್‌ಗೆ ತಾನೇ ಸುದ್ದಿ ತಿಳಿಸಿದಳು. ತಿಳಿಸಿ, ಅವನ ಮುಖವನ್ನೇ ನೋಡಿದಳು.

'ಏನಾದರೂ ಹೇಳು... ಒಂದೇ ಒಂದು ಮಾತು ಹೇಳು.'

ಅವನು ಒಳ್ಳೆಯ ಮನೆ ಎಂದ. ಅಲ್ಲಿ ಅವಳು ಕಲ್ಲಿನ ಮೇಲೆ ಮಲಗಬೇಕಾಗಿಲ್ಲ ಎಂದ. ಇನ್ನೊಬ್ಬರ ಮೆಷಿನ್ನಿನಲ್ಲಿ ಕೆಲಸ ಮಾಡುವ ತಾನು ಅವಳ ಸುಖಕ್ಕೆ ಅಡ್ಡ ಬರಬಾರದೆಂದು ಅವನ ಲೆಕ್ಕಾಚಾರ. ಕಲ್ಲಿನ ಮೇಲೆ ಮಲಗುವುದೇ ಅವಳಿಗೆ ಇಷ್ಟವಿರಬಹುದೆಂದು ಆ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಅವಳು ಕಾರಿನ ಕೆಳಗೆ ಹೋಗಿ, ಬಿಗಿಯಾಗಿಯೇ ಇದ್ದ ನಟ್ಟನ್ನು ಇನ್ನಷ್ಟು ಬಿಗಿದಳು.

ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಶೆಡ್ಡಿಗೆ ಬರಬೇಕಿದ್ದ ಮೂರು ಗಾಡಿಗಳು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಚಿಕ್ಕಣ್ಣನ ಹೋಟೆಲಿನಲ್ಲಿ ಕೂತ ಡ್ರೈವರುಗಳು ಟಾರ್ಪಾಲಿನ ಕಡೆ ನೋಡಿ ಪಿಸುಗುಟ್ಟತೊಡಗಿದರು. ಮೂರನೆಯ ದಿನ ಬೆಳಿಗ್ಗೆ ಅರಸೀಕೆರೆಯಿಂದ ಹೇಳಿ ಕಳಿಸಿದರು. ಗಂಡಸರ ಗಾಡಿಗಳ ಕೆಳಗೆ ಮಲಗುವ ಹುಡುಗಿ ತಮ್ಮ ಮನೆಗೆ ಬೇಡವಂತೆ.

ವಿಷಯ ಹೊರಬಿದ್ದಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ನಡೆದ ಗಾಡಿ ಮಾಲೀಕರ ಸಭೆಯಲ್ಲಿ ಬಸವರಾಜಪ್ಪನವರ ಮೆಷಿನ್ನಿನ ಹುಡುಗನೇ ಎದ್ದುನಿಂತು ಎಲ್ಲರೆದುರು ಹೇಳಿದನಂತೆ.

ಗೊತ್ತಿದ್ದವನು ಅವನೊಬ್ಬನೇ.

ಆಲಿಯಾ ಖಾಕಿ ಅಂಗಿಯನ್ನು ಬಿಚ್ಚಲಿಲ್ಲ. ಕೈ ತೊಳೆಯಲಿಲ್ಲ. ಹಾಗೆಯೇ ಬಿ.ಎಚ್. ರಸ್ತೆಯಲ್ಲಿ ನಡು ಹಗಲಿನಲ್ಲಿ, ಅಂಗಡಿ ಮುಂದೆ ನಿಂತವರೆಲ್ಲ ನೋಡುತ್ತಿರುವಂತೆ ನಡೆದುಹೋದಳು. ಅಮ್ಮಿ ಹಿಂದಿನಿಂದ ಕರೆದದ್ದು ಕೇಳಿತು. ನಿಲ್ಲಲಿಲ್ಲ.

ಬಸವರಾಜಪ್ಪನವರ ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ ಅವಳ ಅಂಗೈಯ ಗುರುತು ಕಪ್ಪಗೆ ಅಂಟಿತು.

"ನೀವೇ ಹೇಳಿದ್ದಾ?"

ಇಮ್ದಾದ್ ಮೆಷಿನ್ನಿನ ಪಕ್ಕದಲ್ಲಿ ಎದ್ದು ನಿಂತ. ಅವನ ಮುಖ ಬಿಳಚಿಕೊಂಡಿತ್ತು.

"ಹೌದು."

ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ... ಅವಳ ಕಣ್ಣು ಉರಿಯಿತು. ಅಳುವುದಿಲ್ಲ ಎಂದು ಹಲ್ಲು ಕಚ್ಚಿದಳು.

"ನೋಡಿದ್ದು ಕಾರೊಂದನ್ನೇ ಅಂದಿದ್ರಿ. ನಾನು ನಂಬಿದೆ. ಇನ್ಮೇಲೆ ಊರಿನ ಗಾಡಿಗಳೆಲ್ಲ ನಿಮ್ಮವೇ. ಚೆನ್ನಾಗಿರಿ."

ಅವನು ಬಾಯಿ ತೆರೆದ. ಬಸವರಾಜಪ್ಪನವರನ್ನು, ಸುತ್ತ ನಿಂತ ಜನರನ್ನು ನೋಡಿದ. ಮತ್ತೆ ತಲೆ ತಗ್ಗಿಸಿದ. ಏನು ಹೇಳಿದರೂ ಅದು ನೆಪದಂತೆ ಕೇಳುತ್ತದೆ ಎಂದು ಅವನಿಗೆ ಅನಿಸಿತು.

ಅವಳು ಬಂದ ದಾರಿಯಲ್ಲೇ, ಬಂದಷ್ಟೇ ನೆಟ್ಟಗೆ ನಡೆದು ಹೋದಳು.

*

ಎರಡು ದಿನದ ನಂತರ ಹುಚ್ಚರಂಗಯ್ಯ ಕೊಬ್ಬರಿ ತುಂಬಿದ ಕಾರಿನಲ್ಲಿ ಬಂದರು. ಗಾಡಿಗೆ ಏನೂ ಆಗಿರಲಿಲ್ಲ. ನೂರ್ ಅಹಮದರ ಪಕ್ಕದಲ್ಲಿ ಕೂತು, ಟೀ ಕುಡಿದು, ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು.

ಸಭೆಯಲ್ಲಿ ಅವರೂ ಇದ್ದರು. ಈಚೆಗೆ ಇಮ್ದಾದ್ ಎಲ್ಲರಿಗೂ ಗಾಡಿಗೆ ಸರಕು ಹೇರಿಕೊಂಡೇ ಬರಲು ಹೇಳುತ್ತಿದ್ದನಲ್ಲ, ಅದರಿಂದ ಟೈರುಗಳು ಸಮವಾಗಿ ಸವೆದು, ಮೊದಲಿಗಿಂತ ಬಹಳ ಕಾಲ ಬಾಳಿಕೆ ಬರುತ್ತಿದ್ದವು. ಮಾಲೀಕರೆಲ್ಲ ಸೇರಿ ಅವನಿಗೆ ಶಾಲು ಹೊದಿಸಲು ನಿಂತರಂತೆ. ಇದು ತಮ್ಮ ಅಂಗಡಿಯೇ ಕಂಡುಹಿಡಿದ ವಿಧಾನ ಎಂದು ಬಸವರಾಜಪ್ಪನವರು ಭಾಷಣವನ್ನೂ ಮಾಡಿದರಂತೆ.

"ಆ ಹುಡುಗ ಶಾಲಿಗೆ ಕುತ್ತಿಗೆನೇ ಕೊಡ್ಲಿಲ್ಲ ಕಣವ್ವ," ಎಂದರು ಹುಚ್ಚರಂಗಯ್ಯ ಆಲಿಯಾಳತ್ತ ತಿರುಗಿ. "ಇದು ನಂದಲ್ಲ, ನೂರ್ ಸಾಹೇಬ್ರ ಮಗಳ ಕೈಕೆಲ್ಸ, ಅವ್ರ ತಾವ ಕಲ್ತಿದ್ದು ನಾನು, ನಾಲ್ಕು ವರ್ಸದಿಂದ ನಿಮ್ಮ ಗಾಡಿ ಎಲ್ಲಾ ನೆಟ್ಟಗೆ ಓಡ್ಸಿದ್ದು ಆ ಯಮ್ಮ ಅಂದ. ಅಂದು ಕೂತ್ಕಂಡ. ಆಮೇಲೆ ಬಸವರಾಜಪ್ಪ ಉಗ್ದಿದ್ದು ಅಷ್ಟಿಷ್ಟಲ್ಲ ಬುಡು."

ಟೀ ಲೋಟ ತೊಳೆಯುತ್ತಿದ್ದ ಆಲಿಯಾಳ ಕೈ ನಿಂತಿತು.

ಅವಳಿಗೆ ಮೊದಲು ಬಂದದ್ದು ಮತ್ತೆ ಕೋಪವೇ. ಮಾತು ಕೊಟ್ಟಿದ್ದ. ಮುರಿದ. ಅವಳನ್ನು ಒಂದು ಮಾತು ಕೇಳಬಹುದಿತ್ತು.

ಆದರೆ ಮಾತು ಉಳಿಸಿಕೊಂಡಿದ್ದರೆ? ಅವಳ ಕೆಲಸಕ್ಕೆ ಹೊದಿಸಿದ ಶಾಲನ್ನು ಹೊದ್ದುಕೊಂಡು ಮನೆಗೆ ಹೋಗಬೇಕಿತ್ತು ಅವನು. ಅವಳು ಟಾರ್ಪಾಲಿನ ಹಿಂದೆ ಮಲಗಿ, ಅವನ ಹೆಸರು ದೊಡ್ಡದಾಗುವುದನ್ನು ಕೇಳುತ್ತಿರಬೇಕಿತ್ತು. ಮದುವೆಯಾಗಿ ಅರಸೀಕೆರೆಗೆ ಹೋಗಿ, ಈ ಕೈಗಳು ಏನು ಮಾಡಬಲ್ಲವು ಎಂಬುದನ್ನು ಸಾಯುವವರೆಗೆ ಯಾರಿಗೂ ಹೇಳದೆ ಇರಬೇಕಿತ್ತು.

ಹುಚ್ಚರಂಗಯ್ಯ ಹೋದ ಮೇಲೆ ಅವಳು ಏಣಿ ಹಾಕಿ ಹತ್ತಿದಳು. ಟಾರ್ಪಾಲಿನ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿದಳು. ಅದು ಧೂಳೆಬ್ಬಿಸಿ ಕೆಳಗೆ ಬಿತ್ತು. ಶೆಡ್ಡಿನ ಒಳಗೆಲ್ಲ ಬಿಸಿಲು ತುಂಬಿತು.

ದಿಲ್ಶಾದ್ ಬೇಗಂ ಓಡಿಬಂದು ಅತ್ತಳು. ಜನ ಏನೆಂದಾರು, ಇನ್ನು ಯಾವ ಸಂಬಂಧ ಬಂದೀತು ಎಂದಳು.

"ಜನ ಅನ್ನೋದು ಅಂದಾಯ್ತಲ್ಲ ಅಮ್ಮಿ," ಎಂದಳು ಆಲಿಯಾ ಏಣಿಯ ಮೇಲಿಂದಲೇ. "ಇನ್ನು ನಾನು ಯಾಕೆ ಕತ್ತಲಲ್ಲಿ ಮಲಗಲಿ?"

ನೂರ್ ಅಹಮದ್ ಮುಖವನ್ನು ಬಿಸಿಲಿನ ಕಡೆಗೆ ಎತ್ತಿದರು. ಬೆಳಕು ಬಂದದ್ದು ಅವರ ಚರ್ಮಕ್ಕೆ ತಿಳಿದಿತ್ತು. ಮೆಲ್ಲಗೆ ಎದ್ದು ತಾವು ಹೊರಗೆ ಕೂರುತ್ತಿದ್ದ ಸ್ಟೂಲನ್ನು ಒಳಗೆ ತಂದು ಗೋಡೆಯ ಬದಿಗೆ ಹಾಕಿಕೊಂಡು ಕೂತರು. ಇನ್ನು ಮೇಲೆ ಗಾಡಿಯವರು ಮೊದಲು ಮಾತಾಡಿಸಬೇಕಾದ್ದು ಮಗಳನ್ನು.

*

ಆರು ದಿನ ಯಾರೂ ಬರಲಿಲ್ಲ.

ಅವಳು ಬೆಳಿಗ್ಗೆ ಎಂಟಕ್ಕೆ ಶೆಡ್ಡು ಗುಡಿಸಿ, ಖಾಕಿ ಅಂಗಿ ತೊಟ್ಟು, ರಸ್ತೆಗೆ ಎದುರಾಗಿ ಕೂರುವಳು. ಹೋಟೆಲಿನ ಕಡೆಯಿಂದ ಒಬ್ಬ ಡ್ರೈವರು, ಇನ್ನು ಮೇಲೆ ಗಾಡಿಗಳಿಗೂ ಬಳೆ ತೊಡಿಸುತ್ತೀರಾ ಎಂದು ಕೂಗಿದ. ಉಳಿದವರು ನಕ್ಕರು.

"ತೊಡಿಸೋಣ ಅಣ್ಣ," ಎಂದಳು ಅವಳು ಕೂತಲ್ಲಿಂದಲೇ. "ಅದಕ್ಕೆ ಮುಂಚೆ ನಿಮ್ಮ ಎಡಗಡೆ ಟೈರು ನೋಡ್ಕೊಳ್ಳಿ. ಇಲ್ಲಿಗೇ ತಂತಿ ಕಾಣ್ತಿದೆ."

ಅವನು ಬಗ್ಗಿ ನೋಡಿದ. ತಂತಿ ಕಾಣುತ್ತಿತ್ತು. ಈ ಸಲ ನಕ್ಕವರು ಅವನನ್ನು ನೋಡಿ ನಕ್ಕರು.

ಏಳನೆಯ ದಿನ ದಬ್ಬೇಘಟ್ಟದ ಭೂತಮ್ಮ ಎಳನೀರು ತುಂಬಿದ ತನ್ನ ಟೆಂಪೋವನ್ನು ತರಿಸಿದಳು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ತಾನೇ ವ್ಯಾಪಾರ ನಡೆಸುವವಳು. ಹೋಟೆಲಿಗೆ ಹೋಗದೆ, ಎಲ್ಲರಿಗೂ ಕಾಣುವಂತೆ ಶೆಡ್ಡಿನ ಬಾಗಿಲಿನಲ್ಲೇ ಸೆರಗು ಕೊಡವಿಕೊಂಡು ಕೂತಳು. ಕೆಲಸ ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ. ಹೋಗುವಾಗ ನಾಲ್ಕು ಎಳನೀರು ಇಳಿಸಿ, "ಇನ್ನೊಂದ್ ತಿಂಗ್ಳಿಗೆ ಮತ್ತೆ ಬತ್ತೀನಿ ಕಣವ್ವ. ಬಾಗ್ಲು ತೆಗ್ದಿರು," ಎಂದಳು.

ಅವತ್ತು ಆಲಿಯಾ ಅತ್ತಳು. ಯಾರೂ ನೋಡಲಿಲ್ಲ; ಅವಳು ಗಾಡಿ ಬಿಟ್ಟ ಕಲ್ಲುಹಾಸು ಒರೆಸುತ್ತಿದ್ದಳು.

ಅದರ ಮುಂದಿನ ಬುಧವಾರ ಕೊಬ್ಬರಿ ಹರಾಜು. ಬಿ.ಎಚ್. ರಸ್ತೆಯಲ್ಲಿ ಗಾಡಿಗಳ ಜಾತ್ರೆ. ಹನ್ನೊಂದು ಗಂಟೆಯ ಹೊತ್ತಿಗೆ ಡ್ರೈವರ್ ಭೀಮರಾಜುವಿನ ಲಗೇಜ್ ಗಾಡಿ ಹೇರಿದ ಭಾರದಲ್ಲೇ ಬಂದು ಶೆಡ್ಡಿನ ಮುಂದೆ ನಿಂತಿತು. ಪಕ್ಕದ ಸೀಟಿನಿಂದ ಇಳಿದವನು ಇಮ್ದಾದ್.

ಹೋಟೆಲಿನಲ್ಲಿ ಮಾತು ನಿಂತಿತು.

ಅವನು ರಸ್ತೆಯ ನಡುವಿನಿಂದಲೇ, ಎಲ್ಲರಿಗೂ ಕೇಳುವ ಹಾಗೆ 'ಆಲಿಯಾ ಅವರೇ' ಎಂದು ಕರೆದ.

"ನನ್ನ ಕೈಲಿ ಆಗ್ಲಿಲ್ಲ. ಮೂರು ಸಲ ಮೆಷಿನ್ನಿಗೆ ಹಾಕಿದೆ. ಮೆಷಿನ್ ಸರಿ ಅನ್ನುತ್ತೆ, ಗಾಡಿ ಮತ್ತೂ ಎಡಕ್ಕೇ ಎಳೆಯುತ್ತೆ. ನೀವು ನೋಡ್ಬೇಕು."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಗಡ್ಡ ಕೂಡ ಸರಿಯಾಗಿ ಮಾಡಿಕೊಂಡಿರಲಿಲ್ಲ.

"ದಾರ ಹಿಡ್ಕೊಳ್ಳಿ," ಎಂದಳು.

ಅವನು ಹಿಂದಿನ ಚಕ್ರದ ಬಳಿ ಮಂಡಿಯೂರಿದ. ಅವಳು ಮುಂದಕ್ಕೆ ಎಳೆದಳು. ಎಡಗಡೆ ಒಂದು ಸಲ, ಬಲಗಡೆ ಒಂದು ಸಲ. ಮುಂದಿನ ಚಕ್ರಗಳಲ್ಲಿ ತಪ್ಪಿರಲಿಲ್ಲ. ಆದರೆ ಬಲಗಡೆಯ ದಾರ ಒಂದು ಬೆರಳಿನಷ್ಟು ಹೊರಕ್ಕೆ ಹೋಗುತ್ತಿತ್ತು. ಅವಳು ಗಾಡಿಯ ಹಿಂದಕ್ಕೆ ಬಂದು ಕೆಳಗೆ ನುಸುಳಿದಳು.

ಸ್ಪ್ರಿಂಗ್ ಪ್ಲೇಟುಗಳನ್ನು ಒಟ್ಟಿಗೆ ಹಿಡಿದಿಡುವ ನಡುವಿನ ಬೋಲ್ಟು ತುಂಡಾಗಿತ್ತು. ಹಿಂದಿನ ಅಚ್ಚು ಒಂದು ಮಗ್ಗುಲಲ್ಲಿ ಹಿಂದಕ್ಕೆ ಸರಿದು, ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತಿತ್ತು. ಚಕ್ರಕ್ಕೆ ಸಿಕ್ಕಿಸಿ ಅಳೆಯುವ ಮೆಷಿನ್ನಿನ ತಲೆಗಳು ಇದ್ದದ್ದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದಿನದನ್ನು ಅದು ನೋಡಿಯೇ ಇರಲಿಲ್ಲ.

ಹೊಸ ಬೋಲ್ಟು ತರಿಸಿ, ಅಚ್ಚನ್ನು ಜಾಗಕ್ಕೆ ತಂದು ಬಿಗಿಯುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ ಗಂಟೆಯಾಗಿತ್ತು. ಹೋಟೆಲಿನಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದು ಸುತ್ತ ನಿಂತಿದ್ದರು. ಈಗ ಯಾರೂ ತಮಾಷೆ ಮಾಡಲಿಲ್ಲ.

ನೆಟ್ಟನೆಯ ರಸ್ತೆಯಲ್ಲಿ ಎರಡೂ ಕೈ ಬಿಟ್ಟು ಓಡಿಸಿ ನೋಡು ಎಂದು ಅವಳು ಭೀಮರಾಜುವಿಗೆ ಹೇಳಿದಳು. ಅವನಿಗೆ ಧೈರ್ಯ ಸಾಲಲಿಲ್ಲ. ಅವಳೇ ಪಕ್ಕದಲ್ಲಿ ಹತ್ತಿ ಕೂತಳು. ಮಾರ್ಕೆಟ್ ಯಾರ್ಡಿನ ಆಚೆ, ಗಾಡಿಗಳಿಲ್ಲದ ಕಡೆ, ಅವನು ಸ್ಟೇರಿಂಗಿನಿಂದ ಕೈ ಎತ್ತಿ ಎದೆಯ ಮುಂದೆ ಮುಗಿದುಕೊಂಡ. ತುಂಬಿದ ಗಾಡಿ ಒಂದು ಫರ್ಲಾಂಗು ದೂರ ಒಂದು ಕೂದಲೂ ಅತ್ತಿತ್ತ ಆಗದೆ ಓಡಿತು.

"ಇನ್ನೂ ಕೈ ಮುಗ್ದುಕೊಂಡೇ ಇದೀಯಲ್ಲಣ್ಣ, ಸ್ಟೇರಿಂಗ್ ಹಿಡ್ಕೋ," ಎಂದಳು ಆಲಿಯಾ. ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂದಿತ್ತು.

*

ಜನ ಚದುರಿದರು. ನಾಲ್ವರು ಡ್ರೈವರುಗಳು ನಾಳೆಯಿಂದ ದಿನಕ್ಕೊಬ್ಬರಂತೆ ಬರುವುದಾಗಿ ಹೇಳಿಹೋದರು. ಅಬ್ಬಾ ನಮಾಜಿಗೆಂದು ಅಮ್ಮಿಯ ಕೈ ಹಿಡಿದು ಮನೆಯೊಳಗೆ ಹೋದರು.

ಇಮ್ದಾದ್ ಮಾತ್ರ ಉಳಿದಿದ್ದ.

ಇವತ್ತು ಇಲ್ಲಿಗೆ ಗಾಡಿ ತಂದದ್ದಕ್ಕೆ ಬಸವರಾಜಪ್ಪ ಏನೂ ಅನ್ನುವುದಿಲ್ಲವೇ ಎಂದು ಅವಳು ಕೇಳಿದಳು. ಅಂದಿದ್ದಾಗಿದೆ, ಅವರಿಗೆ ಬೇಕಾದ್ದು ಟೈರಿನ ವ್ಯಾಪಾರ, ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ, ಆಗದಿದ್ದರೆ ಬೇರೆ ಮೆಷಿನ್ನು ನೋಡಿಕೊಳ್ಳುವೆ ಎಂದ.

ಅವನು ನೈಲಾನ್ ದಾರವನ್ನು ಸುತ್ತಿ ಅವಳ ಮುಂದಿಟ್ಟ.

"ಅವತ್ತು ಎದ್ದು ನಿಲ್ಲೋ ಮುಂಚೆ ನಿಮ್ಮನ್ನ ಕೇಳ್ಬೇಕಾಗಿತ್ತು," ಎಂದ ಅವನು. "ಆ ಶಾಲು ನೋಡಿ ಮೈಯೆಲ್ಲ ಮುಳ್ಳಾಯ್ತು. ಯೋಚನೆ ಮಾಡ್ಲಿಲ್ಲ. ನಿಮ್ಮ ವಿಷಯ ನೀವು ಹೇಳ್ಬೇಕಾದ್ದು. ನಾನು ಹೇಳಿದ್ದು ತಪ್ಪು."

"ತಪ್ಪೇ," ಎಂದಳು ಅವಳು. ಅವನನ್ನು ಸಮಾಧಾನ ಮಾಡಲು ಅವಸರಪಡಲಿಲ್ಲ. "ಆ ಶಾಲು ಹೊದ್ಕೊಂಡು ಬಂದಿದ್ರೆ ಮಾತ್ರ ಈ ಜನ್ಮದಲ್ಲಿ ನಿಮ್ಮ ಮುಖ ನೋಡ್ತಿರ್ಲಿಲ್ಲ."

ಅವನು ತಲೆಯೆತ್ತಿದ.

"ಹಾಗಾದ್ರೆ ಈ ಸಲ ಮೊದಲು ನಿಮ್ಮನ್ನೇ ಕೇಳ್ತೀನಿ. ಇನ್ನೂ ಯಾರ ಹತ್ರನೂ ಏನೂ ಗೊತ್ತುಮಾಡಿಲ್ಲ... ನಮ್ಮ ಅಮ್ಮಿನ ನಿಮ್ಮನೆಗೆ ಕಳಿಸಲಾ?"

ಕೇಳಬೇಕೆಂದು ಎಷ್ಟು ದಿನ ಕಾದಿದ್ದ ಮಾತು... ಆದರೂ ಕೈಯಲ್ಲಿದ್ದ ಸ್ಪ್ಯಾನರನ್ನು ಅವಳು ಕೆಳಗಿಡಲಿಲ್ಲ.

"ನಾನು ಈ ಕೆಲಸ ಬಿಡಲ್ಲ. ಮದುವೆಗೆ ಮುಂಚೆನೂ ಇಲ್ಲ, ಆಮೇಲೂ ಇಲ್ಲ. ಬಾಗಿಲು ಮುಚ್ಚಿಕೊಂಡೂ ಮಾಡಲ್ಲ. ಗಾಡಿ ಕೆಳಗೆ ಮಲಗೋ ಸೊಸೆ ಆಗುತ್ತಾ ಅಂತ ಅವರನ್ನ ಕೇಳಿ."

"ಅಂಥ ಒಬ್ಬಳು ಸೊಸೆಯಾಗಿ ಬಂದ್ರೆ ಅಂತ ಸುಮ್ಮನೆ ಕೇಳಿದ್ದೆ. ಹೆಸರು ಹೇಳ್ಲಿಲ್ಲ."

"ಏನಂದ್ರು?"

"ಸಾಯಂಕಾಲ ಕೈ ತೊಳೆಯೋಕೆ ಸೋಪು ಸಾಲದು, ಬಚ್ಚಲಲ್ಲಿ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಇಡ್ತೀನಿ ಅಂದ್ರು."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಉಗುರುಗಳ ಸಂದಿಯಲ್ಲಿ ಮಸಿ. ಹೆಬ್ಬೆರಳಲ್ಲಿ ಇವತ್ತಿನ ಹೊಸ ತರಚು. ಆ ಕೈಗಳಿಗಾಗಿ, ತನ್ನನ್ನು ಇನ್ನೂ ನೋಡದ ಒಬ್ಬ ಹೆಂಗಸು ತುರುವೇಕೆರೆಯ ಯಾವುದೋ ಮನೆಯ ಬಚ್ಚಲಲ್ಲಿ ಎಣ್ಣೆಯ ಬಟ್ಟಲಿಗೆ ಜಾಗ ಹುಡುಕುತ್ತಿದ್ದಾಳೆ. ಅವಳ ಕಣ್ಣು ತುಂಬಿತು. ಮರೆಸಲು ಹೋಗಲಿಲ್ಲ.

"ಭಾನುವಾರ ಕಳಿಸಿ," ಎಂದಳು.

"ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ."

"ನಾಲ್ಕು ದಿನವೂ ಗಾಡಿ ಕೆಲಸ ಇದೆ ಕಣ್ರೀ," ಎಂದಳು ಆಲಿಯಾ.